ಕರಿ ಟ್ರಂಕ್ ಮನೆಗೆ ಬಂದ ಮೇಲೆ

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ಓಣಿಯ ಹುಡುಗಿಯೊಬ್ಬಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಗಂಡ ಸಿಯಾಚಿನ್‌ನಿಂದ ಇಳಿದು ಸೂಟಿಗೆ ಬಂದು ಮೂರು ದಿನವಾಗಿತ್ತು. ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ಅಕ್ಕಾ, ಒಂಬತ್ತು ತಿಂಗಳು ದಾರಿ ಕಾದೇನಿ. ಈಗ ಬಂದಾರ. ಖರೇ ಹೇಳ್ಲೇನು? ಯಾವಾಗ ವಾಪಸ್ ಹೋಗ್ತಾರೋ ಅನಸಾಕತ್ತೈತಿ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ಬಾಯಿಗೆ ಸೆರಗು ಹಿಡಿದುಕೊಂಡಳು.

ನಾನು ಬೈಯಲಿಲ್ಲ. ಅದೇ ಮಾತು ಒಂದು ಕಾಲಕ್ಕೆ ನನ್ನ ಮನಸ್ಸಿಗೂ ಬಂದಿತ್ತು. ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಕೇಳಿಸಿಕೊಳ್ಳುವವರು ಒಬ್ಬರಿದ್ದಿದ್ದರೆ ನಮ್ಮ ಮೊದಲ ಹತ್ತು ವರ್ಷ ಬೇರೆ ಥರ ಇರುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹುಕ್ಕೇರಿ ತಾಲೂಕಿನ ಒಂದು ಹಳ್ಳಿ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಭರ್ತಿ ಬಂತೆಂದರೆ ನಮ್ಮ ಕಡೆಯ ಹುಡುಗರು ನಸುಕಿನಲ್ಲೇ ಎದ್ದು ರಸ್ತೆ ಮೇಲೆ ಓಡುತ್ತಿರುತ್ತಾರೆ. ಹಾಗಾಗಿ ಒಂದೊಂದು ಓಣಿಯಲ್ಲಿ ನಾಲ್ಕಾರು 'ಮಿಲಿಟರಿ ಮನಿ' ಇವೆ. ನಮ್ಮನೆಯವರು 1994ರಲ್ಲಿ ಭರ್ತಿಯಾದವರು. 24 ವರ್ಷ ಸೇವೆ ಮುಗಿಸಿ 2018ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಮದುವೆಯಾದ ಮೇಲಿನ 17 ವರ್ಷಗಳಲ್ಲಿ ನಾನು ಅವರ ಜೊತೆ ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಎಲ್ಲಾ ಸೇರಿಸಿದರೆ ಮೂರೂವರೆ ವರ್ಷ. ಉಳಿದ ಕಾಲ ಊರಲ್ಲಿ. ಅತ್ತೆ, ಮಗಳು, ಎರಡು ಎಮ್ಮೆ, ಮೂರು ಎಕರೆ ಕಬ್ಬು.

ಪೋಸ್ಟಿಂಗ್‌ನಲ್ಲಿ ಪೀಸ್ ಮತ್ತು ಫೀಲ್ಡ್ ಅಂತ ಎರಡು ಬಗೆ. ಪೀಸ್ ಸ್ಟೇಷನ್‌ನಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಸಂಸಾರ ಕರೆದುಕೊಂಡು ಹೋಗಬಹುದು. ಫೀಲ್ಡ್ ಅಂದರೆ ಗಡಿ, ಕಾಶ್ಮೀರ, ಈಶಾನ್ಯದ ಕಾಡು, ಹಿಮ. ಅಲ್ಲಿಗೆ ಹೆಂಡತಿ ಮಕ್ಕಳು ಹೋಗುವಂತಿಲ್ಲ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಜುಯಲ್ ರಜೆ. ಕಾಗದದ ಮೇಲೆ ಮೂರು ತಿಂಗಳು. ಆದರೆ ಅದು ಒಟ್ಟಿಗೆ ಸಿಗುವುದಿಲ್ಲ, ನಾವು ಬೇಕೆಂದಾಗ ಸಿಗುವುದಿಲ್ಲ. ಗಡಿ ಬಿಸಿಯಾಯಿತೆಂದರೆ ಸಿಗುವುದೇ ಇಲ್ಲ.

ನಮ್ಮ ಮದುವೆ 2001ರ ಏಪ್ರಿಲ್‌ನಲ್ಲಿ. ರಜೆ ಮುಗಿಸಿ ಅವರು ಹೊರಟಾಗ ನಾನು ಆಗಷ್ಟೇ ಬಸುರಿ. ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿಯಾಯಿತು. ಆಪರೇಷನ್ ಪರಾಕ್ರಮ್ ಅಂತ ಸೇನೆಯೆಲ್ಲ ಗಡಿಗೆ ಹೋಗಿ ನಿಂತಿತು. ಸುಮಾರು ಹತ್ತು ತಿಂಗಳು ನಿಂತೇ ಇತ್ತು. ಯುದ್ಧ ಆಗಲಿಲ್ಲ, ಹಾಗಾಗಿ ಜನರಿಗೆ ಈಗ ಅದರ ನೆನಪೂ ಇಲ್ಲ. ನನಗಿದೆ. ಅವರು ರಾಜಸ್ಥಾನದ ಮರಳಿನಲ್ಲಿದ್ದರು. ಪತ್ರದ ಮೇಲೆ ಬರೆಯುವುದು ಮಾತ್ರ 'ಕೇರ್ ಆಫ್ 56 ಎಪಿಒ', ಅಂದರೆ ಸೇನೆಯ ಅಂಚೆ ಕಚೇರಿ. ಮರಳಿನಲ್ಲಿದ್ದರೂ ಅದೇ ವಿಳಾಸ, ಹಿಮದಲ್ಲಿದ್ದರೂ ಅದೇ ವಿಳಾಸ. ಗಂಡ ಎಲ್ಲಿದ್ದಾನೆ ಅಂತ ಯಾರಾದರೂ ಕೇಳಿದರೆ ನನಗೆ ಆ ನಂಬರ್ ಬಿಟ್ಟು ಹೇಳಲು ಏನೂ ಇರಲಿಲ್ಲ.

2002ರ ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಅವರು ಅವಳನ್ನು ಮೊದಲ ಸಲ ನೋಡಿದ್ದು ನವೆಂಬರ್‌ನಲ್ಲಿ. ಒಂಬತ್ತು ತಿಂಗಳ ಕೂಸು. ಮುಖ ಗುರುತಿಸುವ ವಯಸ್ಸು. ಅಪ್ಪನ ಕೈಗೆ ಕೊಟ್ಟ ಕೂಡಲೇ ಉಸಿರುಗಟ್ಟುವ ಹಾಗೆ ಅತ್ತಳು. "ಅಪ್ಪ ಬಂದಾನ ನೋಡ, ನಿಮ್ಮಪ್ಪ" ಅಂತ ಅತ್ತೆ ನಕ್ಕರು, ಬಂದವರೂ ನಕ್ಕರು. ಅವರು ಕೂಸನ್ನು ನನ್ನ ಕೈಗಿಟ್ಟು ಹೊರಗೆ ಹೋದರು. ಎಷ್ಟೋ ಹೊತ್ತಾದ ಮೇಲೆ ನೋಡಿದರೆ ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು.

ಆಮೇಲೆ ನಾವು ಮಾಡಿದ್ದು ಏನು ಅಂತ ಈಗ ಯೋಚಿಸಿದರೆ ಸಂಕಟವಾಗುತ್ತದೆ. ಅವರನ್ನು ನೆಂಟರನ್ನಾಗಿ ಮಾಡಿದೆವು. ಕೂತಲ್ಲಿಗೆ ಚಹಾ. ಹಬ್ಬದ ಅಡುಗೆ ದಿನಾ. ನೀರಿನ ಲೋಟ ಎತ್ತಲೂ ಬಿಡಲಿಲ್ಲ. "ಎರಡ ತಿಂಗಳಿಗೆ ಬಂದಾನ, ಅವನ ಕಡೆ ಕೆಲಸ ಹಚ್ಚೋದೇನು?" ಅಂತ ಅತ್ತೆ. ನಾನೂ ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ಆದರೆ ನೆಂಟನ ಮುಂದೆ ಯಾರೂ ಮನೆಯ ಕಷ್ಟ ಮಾತಾಡುವುದಿಲ್ಲ, ಅಲ್ವಾ? ನಾವೂ ಮಾತಾಡಲಿಲ್ಲ. ಸೊಸೈಟಿಯಲ್ಲಿ ಸಾಲ ಎತ್ತಿದ್ದೆವು, ಬೋರ್‌ವೆಲ್ ಬತ್ತಿತ್ತು. ಅವರ ಮನಸ್ಸಿಗೆ ಯಾಕೆ ಬೇಜಾರು ಅಂತ ಮುಚ್ಚಿಟ್ಟೆವು. ಆ ಸಾಲದ ವಿಷಯ ಅವರಿಗೆ ಗೊತ್ತಾಗಿದ್ದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಬೇರೆಯವರ ಬಾಯಿಂದ. ಆ ರಾತ್ರಿ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ನಾ ಈ ಮನಿಯವ ಹೌದೋ ಅಲ್ಲೋ?"

ಮಗಳಿಗೆ ನಾಲ್ಕು ವರ್ಷವಾದಾಗ ಇನ್ನೊಂದು ಘಟನೆ. ನಾನಿಲ್ಲದೆ ಅವಳು ಮಲಗುತ್ತಿರಲಿಲ್ಲ. ಅಪ್ಪ ಬಂದಾಗಲೆಲ್ಲ ಅಜ್ಜಿಯ ಹತ್ತಿರ ಮಲಗಬೇಕು. ಅವಳ ಲೆಕ್ಕದಲ್ಲಿ ಅಪ್ಪ ಅಂದರೆ ಅವ್ವನನ್ನು ಕಿತ್ತುಕೊಳ್ಳುವವನು. ಒಂದು ದಿನ ಊಟಕ್ಕೆ ಕೂತಾಗ ನೇರವಾಗಿ ಅವರನ್ನೇ ಕೇಳಿದಳು, "ನೀ ಯಾವಾಗ ಹೊಕ್ಕಿ?" ಯಾರೂ ನಗಲಿಲ್ಲ. ಗಂಡ ಹೆಂಡತಿ ನಡುವೆಯೂ ಆಗ ಸಂಕೋಚವೇ ಜಾಸ್ತಿ ಇತ್ತು. ಹತ್ತು ತಿಂಗಳು ದೂರ ಇದ್ದವರು ಒಂದೇ ರಾತ್ರಿಯಲ್ಲಿ ಹತ್ತಿರವಾಗುತ್ತಾರೆ ಅಂತ ಎಲ್ಲರೂ ತಿಳಿದಿರುತ್ತಾರೆ. ಹಾಗಾಗುವುದಿಲ್ಲ. ಪಕ್ಕದಲ್ಲಿರುವ ಉಸಿರಾಟದ ಸದ್ದಿಗೆ ಒಗ್ಗಿಕೊಳ್ಳಲೂ ದಿನ ಬೇಕು. ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಆದರೆ ಓಣಿಯ ಹುಡುಗಿಯರು ಮೆಲ್ಲಗೆ ಕೇಳುವುದು ಇದನ್ನೇ, ಅದಕ್ಕೆ ಬರೆದೆ.

2009ರಲ್ಲಿ ಅವರು ಸಿಯಾಚಿನ್‌ಗೆ ಹೋದರು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾಯಿತು. ಅವತ್ತಿನಿಂದ ನಮ್ಮ ಸೈನಿಕರು ಆ ಹಿಮದ ಮೇಲಿದ್ದಾರೆ. ಚಳಿಗಾಲದಲ್ಲಿ ಮೈನಸ್ 50 ಡಿಗ್ರಿಗೂ ಇಳಿಯುವ ಜಾಗ. ಗುಂಡಿಗಿಂತ ಹವಾಮಾನಕ್ಕೆ ಜೀವ ತೆತ್ತವರೇ ಅಲ್ಲಿ ಜಾಸ್ತಿ. ಮೇಲಿನ ಪೋಸ್ಟುಗಳಲ್ಲಿ ಒಬ್ಬರನ್ನು ಸಾಮಾನ್ಯವಾಗಿ ಮೂರು ತಿಂಗಳಷ್ಟೇ ಇಡುತ್ತಾರೆ. ಮನುಷ್ಯನ ಮೈ ಅದಕ್ಕಿಂತ ಹೆಚ್ಚು ತಡೆಯುವುದು ಕಷ್ಟ.

ಇಳಿದು ಬಂದಾಗ ಅವರು ಅರ್ಧ ಆಗಿದ್ದರು. ಅಷ್ಟು ಎತ್ತರದಲ್ಲಿ ಹಸಿವೆಯೇ ಆಗುವುದಿಲ್ಲವಂತೆ. ನಾನು ಹೋಳಿಗೆ ಮಾಡಿದರೆ ಎರಡು ತುತ್ತು ತಿಂದು ಕೈತೊಳೆದರು. ಅತ್ತೆ ಅತ್ತುಬಿಟ್ಟರು. ನಮ್ಮನೆಯವರು ರಾತ್ರಿ ಗಂಟೆಗೊಮ್ಮೆ ಏಳುತ್ತಿದ್ದರು. ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟೆ. ಕೈ ಚಾಚಿದವರು ಲೋಟ ಮುಟ್ಟುವ ಮೊದಲೇ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಹೆಗಲ ಮೇಲಿನ ಟವೆಲ್ ಸುತ್ತಿ ಹಿಡಿದರು. ನಾನು ಕೊಟ್ಟಿದ್ದು ಅವರಿಗೆ ಸೇರಲಿಲ್ಲ ಅಂದುಕೊಂಡೆ. ಮನಸ್ಸಿನಲ್ಲೇ ಮುನಿಸಿಕೊಂಡೆ. ಏನು ಅಂತ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅದರ ಅರ್ಥ ಗೊತ್ತಾಗಲು ಏಳು ವರ್ಷ ಹಿಡಿಯಿತು. 2016ರ ಫೆಬ್ರವರಿ. ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಹತ್ತು ಜನ ಸೈನಿಕರು ಹೂತುಹೋದರು. ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನದ ಮೇಲೆ ಜೀವಂತ ಸಿಕ್ಕರು. ನಮ್ಮ ಜಿಲ್ಲೆ, ಪಕ್ಕದ ಜಿಲ್ಲೆ, ಎಲ್ಲ ಗುಡಿಗಳಲ್ಲೂ ಅವರ ಹೆಸರಲ್ಲಿ ಪೂಜೆ ನಡೆಯಿತು. ಫೆಬ್ರವರಿ 11ಕ್ಕೆ ದಿಲ್ಲಿಯಲ್ಲಿ ತೀರಿಕೊಂಡರು. ಆಗ ನಮ್ಮನೆಯವರು ಸೂಟಿಯಲ್ಲಿದ್ದರು. ಟಿವಿ ಆರಿಸಿ ಹೋಗಿ ಕಟ್ಟೆ ಮೇಲೆ ಕೂತರು. ನಾನು ಹೋಗಿ ಸುಮ್ನೆ ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಶುರು ಮಾಡಿದರು.

"ಅಲ್ಲಿ ಬರಿಗೈಲೆ ಕಬ್ಬಿಣ ಮುಟ್ಟಿದ್ರ ಚರ್ಮ ಕಿತ್ಕೊಂಡ ಬರ್ತೈತಿ. ರಾತ್ರಿ ಎದ್ದೆದ್ದು ಗುಡಾರದ ಮ್ಯಾಲಿನ ಬರ್ಫ ತಗೀಬೇಕು. ತಗೀದಿದ್ರ ಒಳಗಿದ್ದವರು ಹಂಗ ಮುಚ್ಚಿ ಹೋಗ್ತಾರ. ಸೀಮೆಎಣ್ಣಿ ಹೊಗಿಗೆ ಉಗುಳಿದ್ರ ಕರ್ರಗ ಬರ್ತೈತಿ."

ರಾತ್ರಿ ಎರಡು ಗಂಟೆಯವರೆಗೆ ಹೇಳಿದರು. ಗಂಟೆಗೊಮ್ಮೆ ಯಾಕೆ ಏಳುತ್ತಿದ್ದರು ಅಂತ ಆಗ ತಿಳಿಯಿತು. ಸ್ಟೀಲ್ ಲೋಟದ ಮೇಲೆ ನಾನು ಏಳು ವರ್ಷ ಇಟ್ಟುಕೊಂಡಿದ್ದ ಮುನಿಸು ಆ ಕಟ್ಟೆಯ ಮೇಲೆ ಕರಗಿತು.

ಆ ರಾತ್ರಿ ಅವರು ಹೇಳಿದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಎತ್ತರದ ಜಾಗಕ್ಕೆ ಸೈನಿಕರನ್ನು ಒಮ್ಮೆಲೇ ಕಳಿಸುವುದಿಲ್ಲ. 9,000ದಿಂದ 12,000 ಅಡಿಯವರೆಗೆ 6 ದಿನ ಇರಬೇಕು. ಅಲ್ಲಿಂದ 15,000 ಅಡಿಯವರೆಗೆ 4 ದಿನ. ಅದಕ್ಕೂ ಮೇಲೆ ಇನ್ನೂ 4 ದಿನ. ಒಟ್ಟು 14 ದಿನ. ಮೊದಮೊದಲು ಪೂರ್ತಿ ವಿಶ್ರಾಂತಿ, ಆಮೇಲೆ ಸ್ವಲ್ಪ ನಡಿಗೆ, ಆಮೇಲೆ ಭಾರ ಹೊತ್ತು ನಡಿಗೆ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವ ಹೋಗುತ್ತದೆ. ಎಷ್ಟೇ ಗಟ್ಟಿಮುಟ್ಟಾದ ಜವಾನನಾದರೂ ಈ ನಿಯಮ ತಪ್ಪುವುದಿಲ್ಲ.

ನಾನು ಕೇಳಿದೆ, "ಮತ್ತ ಇಳಿಯುವಾಗ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಇಳಿಯುವಾಗ ಜೇಲಂ ಎಕ್ಸ್‌ಪ್ರೆಸ್."

ಜಮ್ಮುವಿನಿಂದ ಪುಣೆಗೆ ಬರುವ ರೈಲು ಅದು. ಪುಣೆಯಲ್ಲಿ ಇಳಿದು ಬೆಳಗಾವಿ ರೈಲು ಹಿಡಿಯಬೇಕು. ಮನೆ ಮುಟ್ಟುವಷ್ಟರಲ್ಲಿ ಮೂರು ದಿನ. ಬೋಗಿಯಲ್ಲಿ ತಮ್ಮಂಥವರೇ ನಾಲ್ಕು ಜನ, ಇಸ್ಪೀಟು, ಸ್ಟೇಷನ್ ಸ್ಟೇಷನ್‌ಗೆ ಚಹಾ, ನಿದ್ದೆ. "ಆ ಮೂರ ದಿನದಾಗ ಮನಸ್ಸು ಒಂದೀಟು ಇಳೀತಿತ್ತು" ಅಂದರು. ಈಗಿನ ಹುಡುಗರಿಗೆ ಆ ಮೂರು ದಿನವೂ ಇಲ್ಲ. ಬೆಳಿಗ್ಗೆ ಲೇಹ್‌ನಲ್ಲಿ ವಿಮಾನ ಹತ್ತಿದವನು ದಿಲ್ಲಿ ಮೇಲಿಂದ ಅವತ್ತೇ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯಬಹುದು. ರಾತ್ರಿ ಊಟಕ್ಕೆ ಮನೆಯಲ್ಲಿ. ಎದುರಿಗೆ ಹೆಂಡತಿ, ಮಕ್ಕಳು, ಸಾಲದ ನೋಟಿಸು, ತಂಗಿಯ ಮದುವೆ ಮಾತು.

ಬ್ರಿಟನ್ ಸೇನೆ ಇದಕ್ಕೊಂದು ದಾರಿ ಹುಡುಕಿತ್ತು ಅಂತ ಮಗಳಿಂದ ತಿಳಿಯಿತು. ಅಫ್ಘಾನಿಸ್ತಾನದಿಂದ ವಾಪಸ್ ಬರುವ ತುಕಡಿಗಳನ್ನು ನೇರ ಊರಿಗೆ ಬಿಡದೆ ಸೈಪ್ರಸ್ ದ್ವೀಪದಲ್ಲಿ ಒಂದೂವರೆ ದಿನದಷ್ಟು ಇಳಿಸುತ್ತಿದ್ದರು. ಸ್ನಾನ, ಸಮುದ್ರ, ನಿದ್ದೆ, ಜೊತೆಗಿದ್ದವರ ಜೊತೆ ಮಾತು, ಮನೆಗೆ ಹೋದ ಮೇಲೆ ಏನೇನು ಅನಿಸಬಹುದು ಅಂತ ತಿಳಿಸಿ ಹೇಳುವವರು. ಒಂದೂವರೆ ದಿನ ಏನು ಮಹಾ ಅಂತ ಅನಿಸಬಹುದು. ನನಗೆ ಮಾತ್ರ ಅದು ದೊಡ್ಡ ಸಂಗತಿ ಅನಿಸಿತು. ಇಳಿಯುವುದೂ ಒಂದು ಪ್ರಯಾಣ ಅಂತ ಯಾರೋ ಒಪ್ಪಿಕೊಂಡರಲ್ಲ.

ಮಗಳು ಈಗ ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದುತ್ತಾಳೆ. ಅಪ್ಪನ ಕೈಯಲ್ಲಿ ಉಸಿರುಗಟ್ಟಿ ಅತ್ತ ಕೂಸು ಇದೇ ವಿಷಯ ಹಿಡಿದು ಓದುತ್ತಿದೆ. ಅವಳು ಹೇಳಿದ ಎರಡು ಸಂಗತಿ ನನಗೆ ತುಂಬಾ ಹಿಡಿಸಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಅಯೋವಾ ರಾಜ್ಯದಲ್ಲಿ ಸೈನಿಕರ ಮನೆಗಳನ್ನು ಅಧ್ಯಯನ ಮಾಡಿದ. 1949ರಲ್ಲಿ ಅದು ಪ್ರಕಟವಾಯಿತು. ಗಂಡ ಇಲ್ಲದಾಗ ಅವನ ಜಾಗವನ್ನು ಪೂರ್ತಿ ಮುಚ್ಚಿಕೊಂಡು ಚೆನ್ನಾಗಿ ನಡೆದ ಮನೆಗಳಿಗೇ ಅವನು ಬಂದ ಮೇಲೆ ಕಷ್ಟ ಜಾಸ್ತಿಯಾಗುತ್ತಿತ್ತು ಅಂತ ಹಿಲ್ ಕಂಡುಕೊಂಡ. ಕೇಳಿ ನನಗೆ ಕಣ್ಣು ತುಂಬಿತು. ನಾನು ಒಬ್ಬಳೇ ಚೆನ್ನಾಗಿ ಮನೆ ನಡೆಸಿದ್ದು ತಪ್ಪಲ್ಲ. ಆದರೆ ಅಷ್ಟು ಚೆನ್ನಾಗಿ ನಡೆದ ಮನೆಯೊಳಗೆ ಇನ್ನೊಬ್ಬರಿಗೆ ಜಾಗ ಮಾಡುವುದು ಬೇರೆಯೇ ಕೆಲಸ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು, 1987ರಲ್ಲಿ ಕ್ಯಾಥ್ಲೀನ್ ವೆಸ್ಟಾಲ್ ಲೋಗನ್ ಎಂಬ ಹೆಂಗಸು ಅಮೆರಿಕದ ನೌಕಾಪಡೆಯವರ ಹೆಂಡತಿಯರ ಬಗ್ಗೆ ಬರೆದದ್ದು. ಗಂಡ ಹಡಗಿಗೆ ಹೋಗುವುದಕ್ಕೆ ಮುಂಚೆ ಶುರುವಾಗಿ ಅವನು ಬಂದು ಎಷ್ಟೋ ದಿನ ಆಗುವವರೆಗೆ ಹೆಂಡತಿಯ ಮನಸ್ಸು ಏಳು ಹಂತ ದಾಟುತ್ತದೆ ಅಂತ ಆಕೆ ಹೇಳುತ್ತಾರೆ. ಅದರಲ್ಲಿ ಆರನೆಯದು ಗಂಡ ಬಂದ ಮೇಲಿನದು. ಮದುವೆಯ ಕರಾರನ್ನೇ ಮತ್ತೆ ಕೂತು ಮಾತಾಡಿಕೊಳ್ಳುವ ಹಂತ. ಆ ಮಾತು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ದನದ ಕೊಟ್ಟಿಗೆ.

ಅದಕ್ಕೆ ಮುಂಚೆ ಕಬ್ಬಿನ ಕತೆ ಹೇಳಬೇಕು. 2011ರ ಹಂಗಾಮು. ನಮ್ಮ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಬಂದಿತ್ತು. ಆ ಟೋಳಿ ಸಿಗಲು ನಾನು ಎರಡು ವಾರ ಅದರ ಮುಖ್ಯಸ್ಥ ಮುಕಾದಮನ ಬೆನ್ನು ಹತ್ತಿದ್ದೆ. ಅವನಿಗೆ ಯಾವಾಗ ಚಹಾ ಕೊಡಬೇಕು, ಎಷ್ಟು ಎದುರು ಮಾತಾಡಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನುವುದು ಹತ್ತು ವರ್ಷದಲ್ಲಿ ಕಲಿತ ವಿದ್ಯೆ. ನಮ್ಮನೆಯವರು ಸೂಟಿಗೆ ಬಂದವರು ಮರುದಿನ ಹೊಲಕ್ಕೆ ಹೋದರು. ಬೆಳಿಗ್ಗೆ ಎಂಟಾದರೂ ಕೆಲಸ ಶುರುವಾಗಿಲ್ಲ ಅಂತ ತಮ್ಮ ಸೆಕ್ಷನ್ನಿನ ಹುಡುಗರಿಗೆ ಹೇಳುವ ಹಾಗೆ ಜೋರು ಮಾಡಿದರು. ಟೋಳಿ ಕುಡಗೋಲು ಎತ್ತಿಕೊಂಡು ಹೋಯಿತು. ಕಡಿದ ಕಬ್ಬು ಹನ್ನೆರಡು ದಿನ ಹೊಲದಲ್ಲೇ ಒಣಗಿತು. ಒಣಗಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ದುಡ್ಡು. ನಾನು ಅವರಿಗೆ ಎಲ್ಲರ ಮುಂದೆ ಏನೇನೋ ಅಂದೆ. ಅವರಿಗೆ ಅವಮಾನವಾಯಿತು. ರಜೆ ಇನ್ನೂ ಹದಿನೈದು ದಿನ ಇದ್ದಾಗಲೇ ಹೊರಟುಹೋದರು.

ಇಬ್ಬರ ಕಡೆಯೂ ನ್ಯಾಯ ಇತ್ತು ಅಂತ ಈಗ ಕಾಣುತ್ತದೆ. ಅವರ ಜಗತ್ತಿನಲ್ಲಿ ಎಂಟು ಗಂಟೆ ಅಂದರೆ ಎಂಟು ಗಂಟೆ. ಒಬ್ಬ ತಡ ಮಾಡಿದರೆ ಇನ್ನೊಬ್ಬನ ಜೀವ ಹೋಗಬಹುದು. ನನ್ನ ಜಗತ್ತಿನಲ್ಲಿ ಮುಕಾದಮನ ಮುಖ ನೋಡಿ ಮಾತಾಡಬೇಕು. ಅವರನ್ನು ನೆಂಟರ ಹಾಗೆ ಕೂರಿಸಿದ್ದವಳು ನಾನು. ಕೂತು ಕೂತು ಬೇಸತ್ತವರು ಎದ್ದಾಗ ನೇರ ಯಜಮಾನರಾಗಿ ಎದ್ದರು. ನೆಂಟ ಮತ್ತು ಯಜಮಾನ, ಈ ಎರಡರ ನಡುವೆ ಸುಮ್ನೆ ಮನೆಯವನಾಗಿ ಇರುವ ಜಾಗ ಒಂದಿದೆ. ಅದನ್ನು ನಾವಿಬ್ಬರೂ ಅವರಿಗೆ ಇಟ್ಟಿರಲಿಲ್ಲ.

2018ರಲ್ಲಿ ನಿವೃತ್ತಿಯಾಗಿ ಕರಿ ಟ್ರಂಕ್ ಕೊನೆಯ ಸಲ ಮನೆಗೆ ಬಂತು. ಮುಚ್ಚಳದ ಮೇಲೆ ಬಿಳಿ ಬಣ್ಣದ ನಂಬರು, ಹೆಸರು. ಆರತಿ ಆಯಿತು, ಪೇಡೆ ಹಂಚಿದ್ದಾಯಿತು. ಎಲ್ಲ ಮುಗಿದ ಮೇಲೆ ಅತ್ತೆ ನನ್ನ ಸೊಂಟದಲ್ಲಿದ್ದ ಕೀಲಿ ಗೊಂಚಲು ಬಿಡಿಸಿಕೊಂಡು ಮಗನ ಕೈಗೆ ಕೊಟ್ಟರು. "ಇನ್ನ ಮನಿ ಯಜಮಾನ ಬಂದಾನ." ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಹದಿನೇಳು ವರ್ಷ ಒಂದು ಕ್ಷಣದಲ್ಲಿ ಕೈಬಿಟ್ಟ ಹಾಗಾಯಿತು.

ಒಂದು ತಿಂಗಳು ಮನೆ ಸೇನೆಯ ಕಂಪನಿಯ ಹಾಗೆ ನಡೆಯಿತು. ಐದಕ್ಕೆ ಏಳುವುದು, ಗೋಡೆಯ ಮೇಲೆ ವೇಳಾಪಟ್ಟಿ, ಪಿಯುಸಿ ಓದುವ ಮಗಳ ಫೋನಿಗೆ ಸಮಯ. ಮಗಳು ಅಪ್ಪನ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಳು. ರಜೆಯಲ್ಲಾದರೆ ಜಗಳಕ್ಕೂ ಒಂದು ಕೊನೆಯ ದಿನಾಂಕ ಇರುತ್ತಿತ್ತು. ಈಗ ಹೋಗುವ ರೈಲಿಲ್ಲ. ನಿವೃತ್ತಿ ರಜೆಗಿಂತ ಕಷ್ಟ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ನಲವತ್ತರ ಆಚೀಚೆ ವಯಸ್ಸು, ಮೈಯಲ್ಲಿ ಇನ್ನೂ ಶಕ್ತಿ ಇದೆ, ನಿನ್ನೆಯವರೆಗೆ ಹತ್ತು ಜನ ಮಾತು ಕೇಳುತ್ತಿದ್ದರು, ಇವತ್ತು ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಕೆಲಸಕ್ಕೆ ಅರ್ಜಿ. ಆ ನೋವನ್ನು ಹೊರಗೆ ತೋರಿಸಲಾಗದೆ ಮನೆಯೊಳಗೆ ತೋರಿಸುತ್ತಾರೆ.

ಒಂದು ಸಂಜೆ ನಾನು ಎಮ್ಮೆ ಹಿಂಡುತ್ತಿದ್ದೆ. ಅವರು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಕೀಲಿ ಗೊಂಚಲನ್ನು ಹಿಂಡಿಯ ಬುಟ್ಟಿಯ ಮೇಲೆ ಇಟ್ಟರು.

"ಯಾವ ಕೀಲಿ ಯಾವುದಕ್ಕ ಅಂತನೂ ನನಗ ಗೊತ್ತಿಲ್ಲ."

ಹಾಲಿನ ಬಕೆಟ್ ಪಕ್ಕಕ್ಕಿಟ್ಟೆ. ಅಲ್ಲೇ ಗೋಣಿಚೀಲದ ಮೇಲೆ ಕೂತು ಒಂದೊಂದೇ ಕೀಲಿ ಹಿಡಿದು ಹೇಳಿದೆ. ಇದು ತಿಜೋರಿ. ಇದು ಪಂಪ್‌ಹೌಸ್. ಇದು ಕಾಳಿನ ಕೋಣೆ, ಎಡಕ್ಕೆ ತಿರುಗಿಸಿ ಒಂದೀಟು ಎತ್ತಬೇಕು. ಪ್ರತಿ ಕೀಲಿಯ ಹಿಂದೆ ಒಂದು ಕತೆ ಇತ್ತು. ತಿಜೋರಿಯ ಜೊತೆ ಸಾಲದ ಕತೆ ಬಂತು. ಪಂಪ್‌ಹೌಸ್ ಜೊತೆ ರಾತ್ರಿ ಪಾಳಿಯ ಕರೆಂಟಿಗೆ ನಾನು ಒಬ್ಬಳೇ ಬ್ಯಾಟರಿ ಹಿಡಿದು ಹೋಗುತ್ತಿದ್ದ ಕತೆ. ಕತ್ತಲಾಗುವವರೆಗೂ ಅಲ್ಲೇ ಇದ್ದೆವು. ಕೊನೆಗೆ ಪಂಪ್‌ಹೌಸ್ ಕೀಲಿ ಮತ್ತು ಸೊಸೈಟಿಯ ಓಡಾಟ ಅವರಿಗೆ ಅಂತಾಯಿತು. ತಿಜೋರಿ ಇಬ್ಬರದು. ಟೋಳಿ ನನ್ನದು. ಮಗಳ ಫೋನಿನ ವಿಷಯಕ್ಕೆ ಅವರು ಹೋಗುವುದಿಲ್ಲ. ಇದನ್ನೇ ಆ ಲೋಗನ್ ಮದುವೆಯ ಕರಾರು ಅಂದಿದ್ದು ಅಂತ ಈಗ ಗೊತ್ತು.

ಆಮೇಲೆ ಅವರು ತಮ್ಮ ಜನಿವಾರದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಸಣ್ಣ ಕೀಲಿ ಬಿಚ್ಚಿ ನನಗೆ ಕೊಟ್ಟರು. ಟ್ರಂಕಿನದು. ಅದನ್ನು ನಾನು ಯಾವತ್ತೂ ತೆಗೆದಿರಲಿಲ್ಲ. ಒಳಗೆ ಬಟ್ಟೆ, ಬೂಟು, ಇನ್‌ಲ್ಯಾಂಡ್ ಪತ್ರಗಳ ಕಟ್ಟು. ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಎರಡು ಪುಟ್ಟ ಬೆಳ್ಳಿಯ ಕೈಬಳೆ. 2002ರಲ್ಲಿ ಮಗಳು ಹುಟ್ಟಿದ ಸುದ್ದಿ ಬಂದಾಗ ಜೋಧಪುರದಲ್ಲಿ ಯಾರ ಕೈಯಲ್ಲೋ ತರಿಸಿದ್ದಂತೆ. ನವೆಂಬರ್‌ನಲ್ಲಿ ಮನೆಗೆ ಬಂದು ನೋಡಿದರೆ ಅವಳ ಕೈಗೆ ಆಗುವ ಹಾಗಿರಲಿಲ್ಲ. ಯಾರಿಗೂ ಹೇಳದೆ ವಾಪಸ್ ಇಟ್ಟುಕೊಂಡಿದ್ದರು.

ಈಗ ಓಣಿಯ ಹುಡುಗಿಯರ ವಿಷಯ. ಕಂಟೋನ್ಮೆಂಟಿನಲ್ಲಿ ಇದ್ದವರಿಗೆ ಸಹಾಯ ಇದೆ. ಸೈನಿಕರ ಹೆಂಡತಿಯರ ಸಂಘ ಆವ್ವಾ 1966ರಿಂದ ಇದೆ, ಯೂನಿಟ್ಟಿನಲ್ಲಿ ವೆಲ್ಫೇರ್ ಮೀಟಿಂಗ್ ನಡೆಯುತ್ತದೆ, ಅಧಿಕಾರಿಗಳ ಹೆಂಡತಿಯರು ಕಷ್ಟ ಸುಖ ಕೇಳುತ್ತಾರೆ. ನಾನು ಕ್ವಾರ್ಟರ್ಸ್‌ನಲ್ಲಿ ಇದ್ದಾಗ ಅದರ ಪ್ರಯೋಜನ ಪಡೆದಿದ್ದೇನೆ. ಆದರೆ ಫೀಲ್ಡಿಗೆ ಹೋದ ಜವಾನನ ಹೆಂಡತಿ ಬಹಳ ಸಲ ಇರುವುದು ಹಳ್ಳಿಯಲ್ಲಿ, ಅತ್ತೆ ಮಾವನ ಜೊತೆ. ಅವನು ಬಂದು ಇಳಿಯುವುದೂ ಅಲ್ಲೇ. ಸಹಾಯ ಬೇಕಾದದ್ದು ಅಲ್ಲಿ. ಹಾಗಾಗಿ ಗುರುವಾರ ಊರಿನ ಮಹಿಳಾ ಸಂಘದ ಹಣ ಕಟ್ಟಲು ಸೇರಿದಾಗ ನಾವು ಏಳೆಂಟು ಮಿಲಿಟರಿ ಮನೆಯ ಹೆಂಗಸರು ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತೇವೆ. ಯಾರ ಗಂಡ ಯಾವಾಗ ಬರುತ್ತಾನೆ ಅಂತ ಕೇಳಿ, ಬರುವ ಮೊದಲೇ ಮಾತಾಡುತ್ತೇವೆ.

ನಾನು ಅವರಿಗೆ ಹೇಳುವುದು ನಮ್ಮನೆಯವರ ಆ 14 ದಿನದ ಲೆಕ್ಕ. ಮೇಲೆ ಹತ್ತಲು ಎಷ್ಟು ದಿನವೋ ಇಳಿಯಲೂ ಅಷ್ಟು ದಿನ ಕೊಡಿ. ಮೊದಲ ಆರು ದಿನ ಸಾಲದ ಮಾತು ಬೇಡ, ಮದುವೆ ಮಾತುಕತೆ ಬೇಡ, ಜಾತ್ರೆ ಬೇಡ, ನೆಂಟರ ಮನೆಗೆ ಕರೆದೊಯ್ಯುವುದು ಬೇಡ. ನಿದ್ದೆ ಮಾಡಲಿ. ಮಕ್ಕಳು ತಾವಾಗಿಯೇ ಹತ್ತಿರ ಹೋಗಲಿ, ತಳ್ಳಬೇಡಿ. ಏಳನೇ ದಿನದಿಂದ ಅವನಿಗೊಂದು ಸಣ್ಣ ಕೆಲಸ ಇರಲಿ, ಆದರೆ ನಿಜವಾದ ಕೆಲಸ. ಮಗುವನ್ನು ಶಾಲೆಗೆ ಬಿಡುವುದು, ಹಾಲು ಹಾಕಿ ಬರುವುದು. ಅವನು ಒಮ್ಮೆ ತಪ್ಪು ಮಾಡಿದರೆ ಕಿತ್ತುಕೊಂಡು ನೀವೇ ಮಾಡಬೇಡಿ. ಕೊನೆಯ ನಾಲ್ಕು ದಿನದಲ್ಲಿ ಇಬ್ಬರೇ ಕೂತು ಹಣದ ಲೆಕ್ಕ, ಹೊಲದ ಲೆಕ್ಕ, ಅಷ್ಟು ದಿನ ಏನೇನಾಯಿತು ಎಲ್ಲ ಹೇಳಿ. ಮುಚ್ಚಿಡಬೇಡಿ. ಗಡಿಯಲ್ಲಿ ಏನಾಯಿತು ಅಂತ ಕೆದಕಬೇಡಿ. ಹೇಳಬೇಕೆನಿಸಿದಾಗ ಪಕ್ಕದಲ್ಲಿ ನೀವು ಇದ್ದರೆ ಸಾಕು. ಸೂಟಿಗೆ ಬಂದ ಗಂಡಸರಿಗೆ ನಮ್ಮನೆಯವರು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದೇ ಮಾತು ಹೇಳುತ್ತಾರೆ: "ಹದಿನಾಲ್ಕ ದಿನ ಏನೂ ಬದಲ ಮಾಡಬ್ಯಾಡೋ ತಮ್ಮಾ. ಬರೇ ಕೇಳ, ಇದ ಯಾಕ ಹಿಂಗೈತಿ ಅಂತ."

ಇದೆಲ್ಲಾ ಸಾಮಾನ್ಯ ಮನೆಯ ಮಾತು. ಆದರೆ ಕೆಲವು ಸಂಗತಿ ಓಣಿಯ ಅಕ್ಕಂದಿರ ಕೈಮೀರಿದವು. ಮಿಲಿಟರಿ ಕ್ಯಾಂಟೀನಿನ ಮದ್ಯದ ಬಾಟಲಿ ದಿನಾ ಸಂಜೆ ತೆರೆಯುತ್ತಿದ್ದರೆ, ತಿಂಗಳು ಕಳೆದರೂ ನಿದ್ದೆ ಬರದಿದ್ದರೆ, ಬೆಚ್ಚಿ ಬೀಳುವುದು ನಿಲ್ಲದಿದ್ದರೆ, ಬದುಕು ಸಾಕು ಅನ್ನುವ ಮಾತು ಬಂದರೆ ಕಾಯಬಾರದು. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಅಂತಲೇ ಟೆಲಿ ಮಾನಸ್‌ನ ಒಂದು ವಿಭಾಗ ತೆರೆದಿದ್ದಾರೆ. ನಿವೃತ್ತರಾದವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಇದೆ, ಆ ಸೌಲಭ್ಯ ಹೆಂಡತಿಗೂ ಸಿಗುತ್ತದೆ. ಒಂದು ಸಲ ಓಣಿಯ ಒಬ್ಬಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. "ಗಂಡ ಹೆಂಡ್ತಿ ಜಗಳ ಮನ್ಯಾಗ ಬಗೆಹರಿಸ್ಕೊಳ್ರಿ" ಅಂತ ಕಳಿಸಿಬಿಟ್ಟರು. ಅವತ್ತು ಅವಳ ತೋಳಿನ ಮೇಲೆ ಬಾಸುಂಡೆ ಇತ್ತು. ಹೊಡೆತವನ್ನು ಹೊಂದಾಣಿಕೆಯ ತೊಂದರೆ ಅಂತ ಕರೆಯಬೇಡಿ. ಗಡಿಯಲ್ಲಿ ಎಷ್ಟೇ ಕಷ್ಟಪಟ್ಟು ಬಂದಿದ್ದರೂ ಹೆಂಡತಿಯ ಮೇಲೆ ಕೈ ಎತ್ತಲು ಅದು ಕಾರಣವಲ್ಲ. ನಮ್ಮನೆಯವರೂ ಇದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಹೇಳುತ್ತಾರೆ.

ಹಿತ್ತಲ ಬಾಗಿಲಿನಿಂದ ಬಂದ ಆ ಹುಡುಗಿಗೆ ಅವತ್ತು ನಾನು ಇಷ್ಟೆಲ್ಲ ಹೇಳಲಿಲ್ಲ. ಕಬ್ಬಿನ ಕತೆ ಹೇಳಿದೆ, ಸ್ಟೀಲ್ ಲೋಟದ ಕತೆ ಹೇಳಿದೆ. ಅವಳ ಗಂಡ ಕೂತಲ್ಲಿಂದ ಏಳುವುದೇ ಇಲ್ಲ, ಅವಳು ಏಳಲು ಬಿಡುವುದೂ ಇಲ್ಲ ಅಂತ ಗೊತ್ತಾಯಿತು. "ಒಂದ್ಸಲ ಅವರು ಏನರ ಕೇಳಿದಾಗ ಎದ್ದು ಓಡಬ್ಯಾಡ. ಕೂತಲ್ಲಿಂದನ ಹೇಳ" ಅಂದೆ.

ಒಂದು ವಾರದ ಮೇಲೆ ಬೆಳಿಗ್ಗೆ ಫೋನ್ ಮಾಡಿದಳು. ಹಿಂದೆ ಮಗುವಿನ ಸದ್ದು ಕೇಳುತ್ತಿತ್ತು.

"ಅಕ್ಕಾ, ಸಕ್ಕರಿ ಡಬ್ಬಿ ಎಲ್ಲೈತಿ ಅಂತ ಕೇಳಿದ್ರು. ನಾ ಏಳಲಿಲ್ಲ. ಎರಡನೇ ಸಾಲಿನ್ಯಾಗ, ಹಸರ ಮುಚ್ಚಳದ್ದು ಅಂದೆ. ಅವರ ಚಾ ಮಾಡಿದ್ರು."

"ಹೆಂಗಿತ್ತು?"

"ಮಿಲಿಟರಿ ಚಾ ಅಕ್ಕಾ, ಸಕ್ಕರಿ ಭಾಳ. ಅತ್ತಿನೂ ಕುಡದ್ರು."